ಬೇಸ್‌ಮೆಂಟಿನಲ್ಲಿ ಕೇಳಿಸುತ್ತಿದ್ದ ಉಸಿರು

ಏನೇನು ಕೆಡಬಹುದಿತ್ತೋ ಮೊದಲು ಅದನ್ನೆಲ್ಲ ಹೇಳಿಬಿಡುತ್ತೇನೆ. ಮೈಕು ಜಾರಿ ತೊಟ್ಟಿಲೊಳಗೆ ಬೀಳಬಹುದಿತ್ತು. ಮಗು ಅದರ ತಂತಿಯನ್ನು ಬಾಯಿಗೆ ಹಾಕಿಕೊಳ್ಳಬಹುದಿತ್ತು. ಮೇಲಿನ ಕೋಣೆಯಲ್ಲಿಟ್ಟ ಹಳೆಯ ಕಂಪ್ಯೂಟರಿನ ಫ್ಯಾನು ನಿಂತು, ಅದು ಕಾದು ಕಾದು, ಕಿಟಕಿಯ ಪರದೆಗೆ ಬೆಂಕಿ ಹತ್ತಬಹುದಿತ್ತು. ಹಿಮದ ಭಾರಕ್ಕೆ ಎಲ್ಲೋ ಒಂದು ಕೊಂಬೆ ಮುರಿದು ಕರೆಂಟು ಹೋಗಬಹುದಿತ್ತು. ಮೆಟ್ಟಿಲ ಅಂಚಿಗೆ ಅಂಟಿಸಿದ್ದ ನೀಲಿ ಕೇಬಲ್ಲಿಗೆ ಅತ್ತೆಯವರ ಕಾಲು ತೊಡರಿ ಅವರು ಹದಿನಾಲ್ಕು ಮೆಟ್ಟಿಲು ಉರುಳಬಹುದಿತ್ತು. ಅವರಿಗೆ ಮಾಡಿಸಿದ್ದ ವಿಸಿಟರ್ ಇನ್ಶೂರೆನ್ಸಿನಲ್ಲಿ ಮೆಟ್ಟಿಲಿನಿಂದ ಬೀಳುವುದು ಸೇರಿದೆಯೋ ಇಲ್ಲವೋ ನಾನು ಓದಿರಲಿಲ್ಲ, ಏಕೆಂದರೆ ಓದಿದರೆ ಇಲ್ಲವೆಂದು ಗೊತ್ತಾಗಬಹುದಿತ್ತು. ಅವರೇ ಇಸ್ತ್ರಿ ಪೆಟ್ಟಿಗೆಗೆಂದು ಕಂಪ್ಯೂಟರಿನ ಪ್ಲಗ್ ಕಿತ್ತುಬಿಡಬಹುದಿತ್ತು. ಡಿಸ್ಕು ತುಂಬಿಹೋಗಬಹುದಿತ್ತು. ಪಕ್ಕದ ಮನೆಯವರು ಮೈಕು, ತಂತಿ ಎಲ್ಲ ನೋಡಿ ಇವನು ಏನನ್ನೋ ಕದ್ದು ಕೇಳುತ್ತಿದ್ದಾನೆಂದು ಪೊಲೀಸರಿಗೆ ಫೋನ್ ಮಾಡಿ, ಪೊಲೀಸರು ಬಂದು ನನ್ನ ವೀಸಾ ಕೇಳಬಹುದಿತ್ತು. ಇವೆಲ್ಲದರ ಅಡಿಯಲ್ಲಿ, ನಾನು ಕಾಗದದ ಮೇಲೆ ಎಂದೂ ಬರೆಯದೆ ಬಿಟ್ಟದ್ದು ಒಂದಿತ್ತು. ಉಸಿರು ನಿಲ್ಲಬಹುದಿತ್ತು.

ಪಟ್ಟಿ ಮಾಡುವುದರಲ್ಲಿ ನಾನು ಹವ್ಯಾಸಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಆಗ ನನ್ನ ನೌಕರಿಯೇ ಅದಾಗಿತ್ತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಹಳೆಯ ಪ್ರೋಗ್ರಾಮುಗಳು ಶತಮಾನ ಮಗುಚಿದ ಗಳಿಗೆಯಲ್ಲಿ ಏನೇನು ಮಾಡಿಯಾವು ಎಂದು ಕೂತು ಊಹಿಸುವುದು, ಊಹಿಸಿದ್ದನ್ನು ಸಾಲಾಗಿ ಬರೆಯುವುದು, ಬರೆದದ್ದನ್ನು ವಾರಕ್ಕೊಮ್ಮೆ ಫೋನಿನಲ್ಲಿ ಓದುವುದು. ಚಿಕ್ಕಂದಿನಲ್ಲಿ ಮೈಸೂರಿನ ಮನೆಯಲ್ಲಿ ಯಾವ ಗುಣಕ್ಕಾಗಿ ದಿನಾ ಬೈಸಿಕೊಂಡಿದ್ದೆನೋ ಆ ಗುಣವನ್ನು ಹುಡುಕಿಕೊಂಡು ಬಂದು ಮ್ಯಾನ್‌ಹ್ಯಾಟನ್ನಿನಲ್ಲಿ ಕೆಲಸ ಕೊಟ್ಟಿದ್ದರು. ಆ ಕಾಲದಲ್ಲಿ ಅಲ್ಲಿ ಜನರನ್ನು ಎಷ್ಟು ಅವಸರದಲ್ಲಿ ಸೇರಿಸಿಕೊಳ್ಳುತ್ತಿದ್ದರೆಂದರೆ ಕೊನೆಗೆ ಕುರ್ಚಿಗಳೇ ಸಾಲದಾದವು. ಮ್ಯಾನೇಜರ್ ನನ್ನನ್ನು ಕರೆದು, ಸೋಮವಾರ ಮಂಗಳವಾರ ಬಾ, ಉಳಿದ ಮೂರು ದಿನ ನಿನ್ನ ಕುರ್ಚಿಯಲ್ಲಿ ಇನ್ನೊಬ್ಬ ಕೂರುತ್ತಾನೆ, ನೀನು ಮನೆಯಿಂದಲೇ ಮಾಡು ಎಂದ. ಹಾಗಾಗಿ ವಾರಕ್ಕೆ ಎರಡು ದಿನ ಟ್ರೇನಿನಲ್ಲಿ ಕಮ್ಯೂಟ್ ಮಾಡುತ್ತಿದ್ದೆ, ಮೂರು ದಿನ ಪ್ಲೇನ್ಸ್‌ಬರೋದ ನಮ್ಮ ಬಾಡಿಗೆ ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ, ಮನೆಯನ್ನು ಬೆಚ್ಚಗಿಡುವ ಫರ್ನೆಸ್ಸಿನ ಪಕ್ಕ, ಎದೆಯೆತ್ತರಕ್ಕೂ ಮೇಲಿದ್ದ ಒಂದು ಚಿಕ್ಕ ಕಿಟಕಿಯ ಕೆಳಗೆ ಕೂತಿರುತ್ತಿದ್ದೆ. ಆ ಕಿಟಕಿಯಿಂದ ಹೊರಗೆ ನಡೆದುಹೋಗುವವರ ಕಾಲುಗಳು ಮಾತ್ರ ಕಾಣುತ್ತಿದ್ದವು.

ಮಗಳು ಆರು ವಾರ ಮುಂಚೆ ಹುಟ್ಟಿದ್ದಳು. ಒಂದು ಮೊಳದಷ್ಟೂ ಉದ್ದವಿರಲಿಲ್ಲ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹದಿನೆಂಟು ದಿನ ಇದ್ದು, ಎರಡು ಸಲ ಉಸಿರಾಡುವುದನ್ನು ಮರೆತು, ನರ್ಸ್ ಅಂಗಾಲಿಗೆ ಬೆರಳಿಂದ ತಟ್ಟಿದ ಮೇಲೆ ನೆನಪಿಸಿಕೊಂಡಿದ್ದಳು. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಈಗ ಚೆನ್ನಾಗಿದಾಳೆ. ಹನ್ನೆರಡು ಪೌಂಡ್ ಆಗುವವರೆಗೆ ಸ್ವಲ್ಪ ಗಮನ ಇಟ್ಟಿರಿ, ಅಷ್ಟೇ," ಎಂದರು. ಸ್ವಲ್ಪ ಎಂದರೆ ಎಷ್ಟು ಎಂದು ನಾನು ಕೇಳಿದೆ. ಆಕೆ ನನ್ನ ಮುಖ ನೋಡಿ, ನನ್ನ ಹೆಂಡತಿಯ ಮುಖ ನೋಡಿ, ಹೆಂಡತಿಯ ಹೆಗಲು ಸವರಿ ಹೋದರು.

ಬಾಣಂತನಕ್ಕೆ ಬಾಗಲಕೋಟೆಯ ಕಡೆಯಿಂದ ಅತ್ತೆಯವರು ಆರು ತಿಂಗಳ ವೀಸಾ ಮೇಲೆ ಬಂದಿದ್ದರು. ಮಗುವಿನ ತೊಟ್ಟಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಾನು ಕೂತದ್ದು ಒಂದೇ ಮಧ್ಯಾಹ್ನ. ಅವರು ಬಾಗಿಲಲ್ಲಿ ಬಂದು ನಿಂತರು.

"ಮಲಗಿದ ಕೂಸಿನ್ನ ಹಿಂಗ ನೋಡ್ಕೋತ ಕೂಡಬಾರದ್ರಿ."

"ಉಸಿರಾಡ್ತಿದಾಳಾ ಅಂತ ನೋಡ್ತಿದ್ದೆ ಅತ್ತೆ."

"ಆಡ್ತಾಳ್ರಿ. ನೀವು ನೋಡಿದ್ರ ಆಡ್ತಾಳ, ನೋಡದಿದ್ರೂ ಆಡ್ತಾಳ. ಹೆತ್ತವರ ಕಣ್ಣು ಭಾಳ ಜಲ್ದಿ ತಾಗ್ತೈತಿ. ಏಳ್ರಿ ಇನ್ನ."

"ಡಾಕ್ಟ್ರು ಗಮನ ಇಟ್ಟಿರಿ ಅಂದಿದಾರೆ."

"ಡಾಕ್ಟರ್ ಏನ್ ಹೆತ್ತಾಳೇನ್ರಿ ನಮ್ಮ ಕೂಸಿನ್ನ? ಆಕಿ ಕಣ್ಣು ತಾಗಂಗಿಲ್ಲ. ಆಕಿ ಬೇಕಾದಷ್ಟು ನೋಡ್ಲಿ."

ವಾದಿಸುವ ಧೈರ್ಯ ನನಗಿರಲಿಲ್ಲ. ದೃಷ್ಟಿಯಲ್ಲಿ ನಂಬಿಕೆ ಇತ್ತೆಂದಲ್ಲ. ಆದರೆ ನಂಬದೆ ಮಾಡಿದ್ದರಿಂದಲೇ ಏನಾದರೂ ಆಗಿಬಿಟ್ಟರೆ ಎಂಬ ಚಿಂತೆಗೆ ನಂಬಿಕೆಯ ಅಗತ್ಯವಿಲ್ಲ. ಬೇಸ್‌ಮೆಂಟಿಗೆ ಇಳಿದು ಕೂತು ಯೋಚಿಸಿದೆ. ನೋಡಬಾರದು ಎಂದರು. ಕೇಳಿಸಿಕೊಳ್ಳಬಾರದು ಎನ್ನಲಿಲ್ಲ.

ಮಗುವಿನ ಸದ್ದನ್ನು ಇನ್ನೊಂದು ಕೋಣೆಗೆ ಮುಟ್ಟಿಸುವ, ಅಂಗಡಿಯಲ್ಲಿ ಸಿಗುವ ಬೇಬಿ ಮಾನಿಟರನ್ನೇ ಮೊದಲು ತಂದೆ. ನಮ್ಮ ಕಾಂಪ್ಲೆಕ್ಸಿನಲ್ಲಿ ಮನೆಗೊಂದು ಭಾರತದ ಮಗು ಇತ್ತು, ಮಗುವಿಗೊಂದು ಅದೇ ಮಾನಿಟರ್ ಇತ್ತು, ಎಲ್ಲವೂ ಮಾತಾಡುತ್ತಿದ್ದದ್ದು ಒಂದೇ ರೇಡಿಯೋ ಅಲೆಯಲ್ಲಿ. ಎರಡನೆಯ ದಿನ ನಮ್ಮ ಮಗಳು ಇದ್ದಕ್ಕಿದ್ದಂತೆ ಗುಜರಾತಿಯಲ್ಲಿ ಬೈಸಿಕೊಂಡಳು. ಮೂರನೆಯ ದಿನ ಯಾರದೋ ಮಗುವಿನ ಅಳು ಕೇಳಿ ನಾನು ಓಡಿದೆ, ನಮ್ಮದು ನಿದ್ದೆಯಲ್ಲಿತ್ತು. ಬೇರೆಯವರ ಮಗುವಿನ ಉಸಿರನ್ನು ನಮ್ಮದೆಂದುಕೊಂಡು ನಾನು ನೆಮ್ಮದಿಯಾಗಿ ಕೂತಿದ್ದರೆ? ಮಾನಿಟರನ್ನು ಅಂಗಡಿಗೆ ವಾಪಸು ಕೊಟ್ಟೆ.

ಆಫೀಸಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ಲಿಫ್ಟಿನ ಪಕ್ಕ ಪೇರಿಸಿಟ್ಟು, ಬೇಕಾದವರು ಒಯ್ಯಿರಿ ಎಂದು ಚೀಟಿ ಅಂಟಿಸಿದ್ದರು. ಎರಡನ್ನು ತಂದೆ. ಒಂದನ್ನು ಮಗುವಿನ ಕೋಣೆಯಲ್ಲಿಟ್ಟು ಮೈಕು ಸಿಕ್ಕಿಸಿದೆ. ಇನ್ನೊಂದನ್ನು ಬೇಸ್‌ಮೆಂಟಿನಲ್ಲಿಟ್ಟು ಸ್ಪೀಕರು ಸಿಕ್ಕಿಸಿದೆ. ನಡುವೆ ನೀಲಿ ಕೇಬಲ್. ಕೆಳಗಿನದರಲ್ಲಿ ಸೌಂಡ್ ಸರ್ವರ್ ಎಂಬ ಪುಕ್ಕಟೆ ಪ್ರೋಗ್ರಾಮೊಂದನ್ನು ಹಾಕಿದೆ. ಅದಕ್ಕೆ ಬೇರೆ ಕೆಲಸವಿಲ್ಲ; ತಂತಿಯ ಆ ತುದಿಯಿಂದ ಯಾರು ಯಾವ ಸದ್ದು ಕಳಿಸಿದರೂ ಅದನ್ನು ಸ್ಪೀಕರಿಗೆ ಕೊಡುತ್ತಾ ಕೂತಿರುತ್ತದೆ. ಕಳಿಸಲು ಬಟನ್ನಿಲ್ಲ, ಚಿತ್ರವಿಲ್ಲ. ಮೇಲಿನ ಯಂತ್ರದ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು. ಒತ್ತಿದೆ. ಕೆಳಗಿಳಿದು ಬಂದೆ. ಫರ್ನೆಸ್ಸಿನ ಗುಡುಗುಡಿನ ನಡುವೆ, ಅಂಗೈಯಷ್ಟಗಲದ ಸ್ಪೀಕರಿನಿಂದ, ನನ್ನ ಮಗಳು ಉಸಿರು ತೆಗೆದುಕೊಂಡಳು, ಬಿಟ್ಟಳು. ನಾನೂ ಬಿಟ್ಟೆ.

ಆದರೆ ಸದ್ದು ಆಗಾಗ ತುಂಡಾಗುತ್ತಿತ್ತು. ತಂತಿಯಲ್ಲಿ ಏನೋ ಗೊಂದಲವಾಗಿ ಅರ್ಧ ಸೆಕೆಂಡು, ಒಂದು ಸೆಕೆಂಡು ಖಾಲಿ. ಬೇರೆ ಯಾವುದನ್ನು ಕೇಳುತ್ತಿದ್ದರೂ ಅದು ಲೆಕ್ಕಕ್ಕೆ ಬಾರದ ದೋಷ. ಉಸಿರು ಕೇಳುತ್ತಿರುವವನಿಗೆ ಒಂದು ಸೆಕೆಂಡಿನ ಮೌನ ಅಂದರೆ ಹದಿನಾಲ್ಕು ಮೆಟ್ಟಿಲು, ಮತ್ತೆ ಇನ್ನೊಂದು ಹದಿನಾಲ್ಕು ಮೆಟ್ಟಿಲು. ಮೊದಲ ದಿನ ಹನ್ನೊಂದು ಸಲ ಹತ್ತಿದೆ. ಹೆಂಡತಿ, "ನಿಮಗೇ ಮೊದಲು ಏನಾದ್ರೂ ಆಗುತ್ತೆ," ಎಂದಳು.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮೈಕಿನ ಸದ್ದನ್ನು ನೇರ ಕೆಳಗೆ ಕಳಿಸುವ ಬದಲು ಮೊದಲು ಮೇಲಿನ ಡಿಸ್ಕಿನಲ್ಲಿ ಒಂದು ಫೈಲಿಗೆ ಬರೆಸುವುದು. ಕಳಿಸುವ ಪ್ರೋಗ್ರಾಮು ಆ ಫೈಲನ್ನು ಸಾಲಾಗಿ ಓದುತ್ತಾ ಕೆಳಗೆ ಕೊಡುವುದು. ತಂತಿ ಒಂದು ಗಳಿಗೆ ತಡವರಿಸಿದರೂ ಚಿಂತೆಯಿಲ್ಲ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ, ಒಂದೇ ಒಂದು ಉಸಿರೂ ಕಳೆಯುವುದಿಲ್ಲ. ಡಿಸ್ಕು ತುಂಬೀತೆಂಬ ಭಯಕ್ಕೆ ಪ್ರತಿ ಸೋಮವಾರ ಬೆಳಿಗ್ಗೆ ಟ್ರೇನಿಗೆ ಹೊರಡುವ ಮುಂಚೆ ಫೈಲನ್ನು ಅಳಿಸಿ, ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತಿದ್ದೆ. ಅಂದಿನಿಂದ ಸ್ಪೀಕರು ಒಮ್ಮೆಯೂ ಖಾಲಿ ಬೀಳಲಿಲ್ಲ. ಉಸಿರಿನ ಮೇಲೆ ಉಸಿರು, ದಿನವಿಡೀ. ಜೀವನದಲ್ಲಿ ನಾನು ಅಷ್ಟು ನೆಮ್ಮದಿಯಾಗಿ ಚಿಂತೆ ಮಾಡಿದ್ದು ಆ ಚಳಿಗಾಲದಲ್ಲಿ ಮಾತ್ರ.

ಹೆಂಡತಿಗೆ ಸಿಸೇರಿಯನ್ನಿನ ನೋವು ಬಹಳ ದಿನ ಇತ್ತು. ಮೆಟ್ಟಿಲಿಳಿಯುವ ಬದಲು ಅವಳು ಮೈಕಿನ ಹತ್ತಿರ ಬಾಗಿ, "ರೀ, ಕುಡಿಯೋಕೆ ಬಿಸಿನೀರು," ಎನ್ನುವುದು ರೂಢಿಯಾಯಿತು. ನೋವು ಹೋದ ಮೇಲೂ ರೂಢಿ ಉಳಿಯಿತು. ನಾನು ಕೇಳಿದ ಕೂಡಲೇ ಎದ್ದು ಒಯ್ದು ಕೊಡುತ್ತಿದ್ದೆ. ಅಷ್ಟಾದರೂ ಅವಳದು ದೂರು.

"ಕೇಳಿ ಎಷ್ಟು ಹೊತ್ತಾಯ್ತು?"

"ಈಗ ತಾನೇ ಕೇಳಿದೆ. ಕೇಳಿದ ತಕ್ಷಣ ತಂದಿದೀನಿ."

"ಹತ್ತು ನಿಮಿಷ ಆಯ್ತು ರೀ. ಬಾಯಿ ಒಣಗಿ ಕೊನೆಗೆ ಅಮ್ಮನ ಹತ್ರ ತರಿಸ್ಕೊಂಡು ಕುಡಿದೆ."

ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು. ಬುಧವಾರ ಅವಳು ಅಷ್ಟಾಗಿ ಬೈಯುತ್ತಿರಲಿಲ್ಲ, ಶುಕ್ರವಾರ ಚೆನ್ನಾಗಿ ಬೈಯುತ್ತಿದ್ದಳು. ವಾರದ ಕೊನೆಗೆ ನಿಮಗೆ ಆಫೀಸಿನ ಗುಂಗು ಜಾಸ್ತಿಯಾಗುತ್ತೆ ಎಂಬುದು ಅವಳ ವಿವರಣೆ. ಬಾಣಂತಿಗೆ ಹೊತ್ತು ಉದ್ದ ಕಾಣುತ್ತದೆ ಎಂಬುದು ನನ್ನದು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಏನೇನು ಕೆಡಬಹುದು ಎಂಬುದು ತಕ್ಷಣ ಹೊಳೆದಿತ್ತು.

ಜನವರಿಯ ಒಂದು ಗುರುವಾರ, ಮಧ್ಯಾಹ್ನ. ಸ್ಪೀಕರಿನಲ್ಲಿ ಅತ್ತೆಯವರು ಜೋಗುಳ ಹಾಡುತ್ತಿದ್ದರು. ಅಗ್ಗದ ಸ್ಪೀಕರಾದ್ದರಿಂದ ಅವರ ದನಿ ಸ್ವಲ್ಪ ದಪ್ಪಗೆ, ಇನ್ನೂ ಹತ್ತಿಪ್ಪತ್ತು ವರ್ಷ ಹೆಚ್ಚು ವಯಸ್ಸಾದವರ ದನಿಯಂತೆ ಕೇಳುತ್ತಿತ್ತು. ಕಾಫಿಗೆಂದು ಅಡುಗೆಮನೆಗೆ ಹತ್ತಿದೆ. ಅತ್ತೆಯವರು ನೆಲದ ಮೇಲೆ ಪೇಪರು ಹಾಸಿಕೊಂಡು ಕಾಯಿ ಹೆರೆಯುತ್ತಿದ್ದರು.

"ಇಷ್ಟು ಬೇಗ ಕೆಳಗೆ ಬಂದ್ರಾ? ಹಾಡ್ತಿದ್ರಲ್ಲ," ಎಂದೆ.

"ನಾ ಎಲ್ಲಿ ಹಾಡ್ಲಿ? ಕಾಯಿ ಹೆರಿಯಾಕತ್ತೀನಿ. ಹಾಡಿದ್ದು ಆಗಳೆ."

"ಮಗು ಹತ್ರ ಯಾರಿದಾರೆ?"

"ಯಾರಿಲ್ಲ. ಬಾಣಂತಿ ಸ್ನಾನಕ್ಕ ಹೋಗ್ಯಾಳ. ಯಾಕ್ರಿ, ಮುಖ ಹಿಂಗ್ಯಾಕ ಮಾಡೀರಿ?"

ಕಾಫಿ ಬಿಟ್ಟು ಕೆಳಗಿಳಿದೆ. ಹಾಡು ನಡೆಯುತ್ತಲೇ ಇತ್ತು. ತಲೆಯ ಮೇಲಿನ ಹಲಗೆಯಾಚೆ ಹೆರೆಮಣೆಯ ಸದ್ದು, ಕಿವಿಯ ಪಕ್ಕದಲ್ಲಿ ಅದೇ ಹೆಂಗಸಿನ ಜೋಗುಳ. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುತ್ತಾ ನಿಂತೆ. ಹಾಡು ಮುಗಿಯಿತು. ಯಾರೋ ಸೀರೆ ಸರಿಪಡಿಸಿಕೊಂಡು ಕೋಣೆಯಿಂದ ಹೊರಗೆ ನಡೆದರು.

ಸಂಜೆ ಅತ್ತೆಯವರ ಹತ್ತಿರ ಆ ಮಾತು ಎತ್ತಿದೆ, ನಗುತ್ತಲೇ ಎತ್ತಿದೆ. ಅವರು ನಗಲಿಲ್ಲ. "ಸೆಟಗವ್ವ ಇರ್ಬೇಕು," ಎಂದರು. ಹಣೆಬರಹ ಬರೆಯುವ ತಾಯಿ, ಐದನೆಯ ದಿನ ಬಂದು ಬರೆದು ಹೋಗುವವಳು. "ನಮ್ಮ ಕೂಸು ಐದನೇ ದಿನ ಗಾಜಿನ ಪೆಟ್ಟಿಗ್ಯಾಗ ಇತ್ತು. ನೀವ್ಯಾರೂ ಹಾಳಿ ಇಟ್ಟಿಲ್ಲ, ಪೆನ್ನು ಇಟ್ಟಿಲ್ಲ. ಈಗ ಬಂದಿರ್ಬೇಕು. ನಿದ್ದ್ಯಾಗ ಕೂಸಿನ್ನ ನಗಸೂದು, ಅಳಸೂದು ಆಕಿನೇ. ಹಾಡಿದ್ರೂ ಹಾಡ್ಯಾಳು."

"ನಿಮ್ಮ ದನಿಯಲ್ಲಿ?"

"ಮತ್ಯಾರ ದನಿ ಗೊತ್ತೈತಿ ಆಕಿಗೆ ಈ ಮನ್ಯಾಗ?"

ಮಾರನೆಯ ದಿನ ಅವರು ತೊಟ್ಟಿಲ ಪಕ್ಕ ಒಂದು ಖಾಲಿ ಹಾಳೆ, ನನ್ನ ಆಫೀಸಿನ ಪೆನ್ನು ಇಟ್ಟರು. ನಾನು ತೆಗೆಯಲಿಲ್ಲ. ನನಗೆ ಬೇರೆ ಚಿಂತೆ ಹತ್ತಿತ್ತು. ಸ್ಪೀಕರು ಸರಿಯಾಗಿದೆ, ತಂತಿ ಸರಿಯಾಗಿದೆ. ಅಂದರೆ ಕೆಟ್ಟಿರುವುದು ನಾನೇ ಇರಬೇಕು. ನಿದ್ದೆಗೆಟ್ಟ ಅಪ್ಪಂದಿರಿಗೆ ಹೀಗಾಗುತ್ತದೆ ಎಂದು ಎಲ್ಲೋ ಓದಿದ್ದೆ. ಯಾರಿಗೂ ಹೇಳಲಿಲ್ಲ. ಸೋಮವಾರ ಟ್ರೇನಿಗೆ ಹೋಗುವ ಮುಂಚೆ ಎಲ್ಲವನ್ನೂ ಹೊಸದಾಗಿ ಶುರುಮಾಡಿ ಐದು ನಿಮಿಷ ಕೇಳಿದರೆ ಎಲ್ಲ ಸರಿಯಿತ್ತು. ಬುಧವಾರದಿಂದ ಮತ್ತೆ ಶುರು. ಹೆಂಡತಿ ಮೇಲೆ ಕೆಮ್ಮಿದ್ದು ಅವಳು ನನ್ನೆದುರು ಊಟಕ್ಕೆ ಕೂತಾಗ ಕೆಳಗಿನಿಂದ ಕೇಳಿಸಿದಂತಾಯಿತು. ಬೇಸ್‌ಮೆಂಟಿನ ಬಾಗಿಲನ್ನು ಎದ್ದು ಮುಚ್ಚಿ ಬಂದೆ.

ಫೆಬ್ರವರಿಯ ಕೊನೆಯ ಶುಕ್ರವಾರ ಮಗುವನ್ನು ತೂಕ ನೋಡಲು ಕರೆದುಕೊಂಡು ಹೋಗಬೇಕಿತ್ತು. ಹನ್ನೆರಡು ಪೌಂಡು ದಾಟಿದ್ದರೆ ಗಮನವಿಡುವ ಕೆಲಸ ಮುಗಿಯುತ್ತಿತ್ತು. ಅದೇ ಹೊತ್ತಿಗೆ ನನ್ನ ವಾರದ ಕಾನ್ಫರೆನ್ಸ್ ಕಾಲ್. "ನೀವು ಕಾಲ್ ಮುಗಿಸಿ, ನಾನೇ ಡ್ರೈವ್ ಮಾಡ್ತೀನಿ. ನೀವು ಪಕ್ಕದಲ್ಲಿ ಕೂತ್ರೆ ನನಗೆ ಬ್ರೇಕ್ ಎಲ್ಲಿದೆ ಅಂತಲೇ ಮರೆತುಹೋಗುತ್ತೆ," ಎಂದಳು ಹೆಂಡತಿ.

ಕಾಲ್ ಶುರುವಾಯಿತು. ಒಂದು ಕಿವಿ ಫೋನಿಗೆ, ಇನ್ನೊಂದು ಸ್ಪೀಕರಿಗೆ. ಮಗಳು ಮಲಗಿದ್ದಳು. ಉಸಿರು ನಿಧಾನ, ಸಮ. ಹೊರಗೆ ಹಿಂದಿನ ದಿನದ ಹಿಮ ಕಿಟಕಿಯ ಅರ್ಧದವರೆಗೆ ಬಂದಿತ್ತು. ಉಳಿದ ಅರ್ಧದಲ್ಲಿ ನಾನು ನೋಡುತ್ತಿದ್ದಂತೆಯೇ ಎರಡು ಜೊತೆ ಬೂಟುಗಳು ಹಾದುಹೋದವು. ಒಂದು ಹೆಂಡತಿಯದು. ಇನ್ನೊಂದು ನನ್ನದೇ ಹಳೆಯದು, ಒಳಗೆ ಅತ್ತೆಯವರ ಎರಡು ಜೊತೆ ಕಾಲುಚೀಲ. ಅವುಗಳ ನಡುವೆ ಮಗುವಿನ ಕಾರ್ ಸೀಟು ತೂಗುತ್ತಾ ಹೋಯಿತು, ಗುಲಾಬಿ ಟೊಪ್ಪಿಗೆಯ ತುದಿ ಕಂಡಿತು. ಕಾರಿನ ಬಾಗಿಲು ಮುಚ್ಚಿದ ಸದ್ದು. ಕಾರು ಹೋಯಿತು.

ಸ್ಪೀಕರಿನಲ್ಲಿ ಮಗಳು ಉಸಿರು ತೆಗೆದುಕೊಂಡಳು. ಬಿಟ್ಟಳು.

ಫೋನಿನಲ್ಲಿ ಮ್ಯಾನೇಜರ್, "ಎನಿ ನ್ಯೂ ರಿಸ್ಕ್ಸ್ ಫ್ರಮ್ ಯುವರ್ ಸೈಡ್?" ಎಂದ. ಹೊಸ ಅಪಾಯಗಳೇನೂ ಇಲ್ಲ ಎಂದೆ. ಮ್ಯೂಟ್ ಒತ್ತಿ ಮೇಲೆ ಹತ್ತಿದೆ.

ಕೋಣೆಯಲ್ಲಿ ಯಾರೂ ಇರಲಿಲ್ಲ. ತೊಟ್ಟಿಲಲ್ಲಿ ಕೌದಿ, ಕೌದಿಯಲ್ಲಿ ಒಂದು ತಗ್ಗು. ಕೌದಿ ಎತ್ತಿ ನೋಡಿದೆ. ಏನು ನೋಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಅತ್ತೆಯವರ ಹಾಳೆ ಖಾಲಿಯಾಗಿಯೇ ಇತ್ತು. ಅದನ್ನೂ ನೋಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಮೈಕಿನ ತಲೆಗೆ ಬೆರಳಿಂದ ಎರಡು ಸಲ ತಟ್ಟಿದೆ, ಅದು ಎಚ್ಚರವಾಗಿದೆಯೇ ಎಂದು ಪರೀಕ್ಷಿಸುವವನ ಹಾಗೆ. ಕೋಣೆಯಲ್ಲಿ ನನ್ನ ಉಸಿರಲ್ಲದೆ ಬೇರೆ ಉಸಿರಿರಲಿಲ್ಲ. ಕೆಳಗಿಳಿದೆ.

ಕೆಳಗೆ ಇತ್ತು. ನಿಧಾನ, ಸಮ. ಮೂಗಿನಲ್ಲಿ ಸ್ವಲ್ಪ ಗೊರಗೊರ, ಅದು ನಮ್ಮ ಮಗಳದೇ, ಸಾವಿರ ಉಸಿರುಗಳಲ್ಲೂ ನಾನು ಗುರುತು ಹಿಡಿಯುವಂಥದ್ದು. ಕುರ್ಚಿಯ ತುದಿಯಲ್ಲಿ ಕೂತೆ. ಆಮೇಲೆ ಅದು ಎಚ್ಚರವಾಯಿತು. ಕೈಕಾಲು ಬಡಿಯಿತು. ಬಳೆಗಳ ಸದ್ದು ಹತ್ತಿರ ಬಂತು, ಅತ್ತೆಯವರ ದನಿ, "ಯಾಕವ್ವಾ, ಟೊಪ್ಪಿಗಿ ಬ್ಯಾಡೇನು? ಬ್ಯಾಡೇನು ಟೊಪ್ಪಿಗಿ?" ಎಂದಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಖಾಲಿ ಮನೆಯಲ್ಲಿ ಒಂದು ಮಗು ನಕ್ಕಿತು.

ಅದುವರೆಗೆ ನಮ್ಮ ಮಗಳು ನಕ್ಕಿರಲಿಲ್ಲ. ತುಟಿ ಅಗಲಿಸುತ್ತಿದ್ದಳು ಅಷ್ಟೇ. ಇದು ದನಿಯೆತ್ತಿ ನಕ್ಕ ನಗು, ಹೊಟ್ಟೆಯಿಂದ ಬಂದದ್ದು, ನಡುವೆ ಬಿಕ್ಕಳಿಕೆಯಂಥ ಒಂದು ತಡೆ. ಮತ್ತೆ ನಕ್ಕಿತು. ಆಗ ನನ್ನ ಹೆಂಡತಿಯ ದನಿ, ಮೈಕಿಗೆ ತೀರಾ ಹತ್ತಿರ, ನನ್ನ ಕಿವಿಯಲ್ಲೇ ಬಂದು ಹೇಳಿದ ಹಾಗೆ, "ರೀ, ಬನ್ನಿ. ನಗ್ತಿದಾಳೆ, ಬೇಗ ಬನ್ನಿ," ಎಂದಿತು.

ಅವಳ ಬೂಟು ಹಾದುಹೋದದ್ದನ್ನು ನಾನು ಕಂಡಿದ್ದೆ. ಕಾರು ಹೋದದ್ದನ್ನು ಕೇಳಿದ್ದೆ. ಮೇಲಿನ ಕೋಣೆ ಖಾಲಿಯಿದ್ದುದನ್ನು ಈಗ ತಾನೇ ನೋಡಿ ಬಂದಿದ್ದೆ. ಆ ಕೋಣೆಯಿಂದ ನನ್ನನ್ನು ಕರೆಯುತ್ತಿದ್ದರು.

ಮೆಟ್ಟಿಲ ಬುಡದಲ್ಲಿ ನಿಂತೆ. ನಾನು ಹೋದದ್ದು ಧೈರ್ಯದಿಂದಲ್ಲ. ಹೋಗದೆ ಇದ್ದು ಆಮೇಲೆ ಏನಾದರೂ ಆದರೆ ಎಂಬ ಹಳೆಯ ಅಭ್ಯಾಸ ಕಾಲುಗಳನ್ನು ಎತ್ತಿಸಿತು. ಕೋಣೆಯ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, "ಯಾರಾದ್ರೂ ಇದೀರಾ?" ಎಂದೆ. ಹಿಮದ ಬೆಳಕು ತೊಟ್ಟಿಲ ಮೇಲೆ ಬಿದ್ದಿತ್ತು. "ಇದೀರಾ?" ಎಂದೆ ಇನ್ನೊಮ್ಮೆ. ಇದ್ದಿದ್ದರೆ ಏನು ಮಾಡುತ್ತಿದ್ದೆನೋ.

ಬೇಸ್‌ಮೆಂಟಿಗೆ ಬಂದಾಗ ಹೆಂಡತಿಯ ದನಿ, "ಕಾಲ್‌ನಲ್ಲಿರ್ಬೇಕು, ಬಿಡು. ನಡಿ ಅಮ್ಮ, ಹೊತ್ತಾಯ್ತು," ಎನ್ನುತ್ತಿತ್ತು. ಜಿಪ್ ಎಳೆದ ಸದ್ದು. ಹೆಜ್ಜೆಗಳು. ಬಾಗಿಲು. ಆಮೇಲೆ ಮೌನ.

ಆ ಮೌನ ನಾಲ್ಕೈದು ನಿಮಿಷ ಇತ್ತು. ಫೋನಿನಲ್ಲಿ ಯಾರೋ ಶತಮಾನದ ಕೊನೆಯ ಬಗ್ಗೆ ಮಾತಾಡುತ್ತಿದ್ದರು. ನಾನು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಆಗ ಸ್ಪೀಕರಿನಲ್ಲಿ ಮೆಟ್ಟಿಲು ಕಿರುಗುಟ್ಟಿತು. ಯಾರೋ ಏದುಸಿರು ಬಿಡುತ್ತಾ ಮಗುವಿನ ಕೋಣೆಗೆ ಬಂದರು. ಭಾರವಾದ ಹೆಜ್ಜೆ, ಹೆಂಗಸರದಲ್ಲ. ತೊಟ್ಟಿಲ ಹತ್ತಿರ ಬಂದು ನಿಂತರು. ಕೌದಿ ಎತ್ತಿದರು. ಬಾಯಿಂದ ಉಸಿರಾಡುತ್ತಿದ್ದರು, ಒಳ್ಳೆಯ ಕೆಲಸಕ್ಕೆ ಬಂದವರು ಯಾರೂ ಹಾಗೆ ಉಸಿರಾಡುವುದಿಲ್ಲ. ಆಮೇಲೆ ಮೈಕಿಗೆ ಟಕ್, ಟಕ್.

ನನ್ನ ಕೈಗಳನ್ನು ನೋಡಿಕೊಂಡೆ. ಮೇಜಿನ ಮೇಲೆಯೇ ಇದ್ದವು.

ಆ ಮನುಷ್ಯ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ, ಈ ಸಲ ಬಾಗಿಲಲ್ಲೇ ನಿಂತ. "ಯಾರಾದ್ರೂ ಇದೀರಾ?" ಎಂದ. ಮೈಸೂರಿನ ಕಡೆಯ ಕನ್ನಡ. ಅಷ್ಟು ಹೆದರಿದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ, ಅಥವಾ ದಿನಾ ಒಳಗಿನಿಂದ ಕೇಳುತ್ತಿದ್ದರಿಂದ ಗುರುತಿರಲಿಲ್ಲ. "ಇದೀರಾ?" ಎಂದ ಇನ್ನೊಮ್ಮೆ. ಇದ್ದೇನೆ ಎನ್ನಬೇಕೆನಿಸಿತು.

ಈ ಕತೆ ಹೇಳುವಾಗಲೆಲ್ಲ ಇಲ್ಲಿ, ಈಗ ದೊಡ್ಡವಳಾಗಿರುವ ಮಗಳು ನನ್ನನ್ನು ತಡೆಯುತ್ತಾಳೆ. "ವೇಟ್ ಅಪ್ಪಾ. ಸೋ ಯು ಹಾಂಟೆಡ್ ಯುವರ್‌ಸೆಲ್ಫ್?"

ಹೌದು, ನನಗೆ ನಾನೇ ದೆವ್ವವಾಗಿದ್ದೆ. ಎರಡು ಹಳೆಯ ಯಂತ್ರಗಳು. ಮೇಲಿನದರ ಒಂದು ಗಂಟೆಗೂ ಕೆಳಗಿನದರ ಒಂದು ಗಂಟೆಗೂ ಕೂದಲೆಳೆಯ ವ್ಯತ್ಯಾಸ. ಮೇಲಿನದು ಬರೆದದ್ದನ್ನೆಲ್ಲ ನುಡಿಸಿ ಮುಗಿಸಲು ಕೆಳಗಿನದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಮೊದಲಿನ ಹಾಗೆ ನೇರ ಕಳಿಸಿದ್ದರೆ ಉಳಿದದ್ದು ಚೆಲ್ಲಿಹೋಗುತ್ತಿತ್ತು. ಒಂದು ಉಸಿರೂ ಚೆಲ್ಲಬಾರದೆಂದು ನಾನು ಫೈಲು ಮಾಡಿದ್ದೆನಲ್ಲ, ಆದ್ದರಿಂದ ಏನೂ ಚೆಲ್ಲಲಿಲ್ಲ, ಎಲ್ಲವೂ ಸರದಿಯಲ್ಲಿ ಕಾದು ನಿಂತಿತು. ದಿನಕ್ಕೆ ಮೂರು ನಿಮಿಷದಷ್ಟು. ಸೋಮವಾರ ಸರಿಯಾಗಿರುತ್ತಿದ್ದದ್ದು ಶುಕ್ರವಾರಕ್ಕೆ ಹನ್ನೆರಡು ನಿಮಿಷ ಹಿಂದೆ. ಸರ್ವರು ಕೊಟ್ಟದ್ದನ್ನು ನುಡಿಸುತ್ತದೆ. ಇದು ಯಾವಾಗಿನದು ಎಂದು ಅದು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ದೆವ್ವವಿಲ್ಲ, ತಲೆ ಕೆಟ್ಟಿಲ್ಲ ಎಂದು ಗೊತ್ತಾದರೆ ಸಮಾಧಾನವಾಗಬೇಕು. ಆಗಲಿಲ್ಲ. ಇಡೀ ಚಳಿಗಾಲ ನಾನು ಕಾವಲು ಕಾದದ್ದು ಆಗಲೇ ಆಡಿ ಮುಗಿದಿದ್ದ ಉಸಿರನ್ನು. ಯಾವುದೋ ಒಂದು ಶುಕ್ರವಾರ ಅದು ಮೇಲೆ ನಿಂತಿದ್ದರೂ ಕೆಳಗೆ ಹನ್ನೆರಡು ನಿಮಿಷ ನಡೆಯುತ್ತಲೇ ಇರುತ್ತಿತ್ತು, ನಾನು ಅದನ್ನು ಕೇಳುತ್ತಾ ನಿಶ್ಚಿಂತೆಯಿಂದ ಪಟ್ಟಿ ಬರೆಯುತ್ತಿರುತ್ತಿದ್ದೆ.

ಅವರು ವಾಪಸು ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. "ಹನ್ನೆರಡು ಪೌಂಡು," ಎಂದು ಹೆಂಡತಿ ಶುರುಮಾಡುತ್ತಿದ್ದಂತೆ ಅತ್ತೆಯವರು, "ತೂಕ ಬಾಯಿಬಿಟ್ಟು ಹೇಳಬ್ಯಾಡ," ಎಂದು ಗದರಿದರು. ಹೆಂಡತಿ ಬೆರಳುಗಳಲ್ಲಿ ಅದರ ಮೇಲಿನ ನಾಲ್ಕು ಔನ್ಸು ತೋರಿಸಿದಳು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಜೋಗುಳ, ಕೆಮ್ಮು, ಬಿಸಿನೀರು, ಹನ್ನೆರಡು ನಿಮಿಷ. ಅತ್ತೆಯವರು ಬೂಟಿನಿಂದ ಒಂದೊಂದೇ ಕಾಲನ್ನು ಎಳೆದುಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರ ನೀವು ಇಷ್ಟು ದಿನಾ ಕಾದಿಲ್ಲ," ಎಂದರು.

"ಇಲ್ಲ ಅತ್ತೆ."

"ಛಲೋ ಆತು. ನೀವು ಕಾಯಾಕತ್ತೀರಿ ಅಂತ ನಾ ಏನ್ ಬಿಟ್ಟಿದ್ದಿಲ್ಲ. ಕೂಸು ಮಲಗಿದಾಗೆಲ್ಲಾ ನಾನು ಇಲ್ಲಾ ಈಕಿ, ಅದರ ಹೊಟ್ಟಿ ಮ್ಯಾಲೆ ಕೈ ಇಟ್ಕೊಂಡು, ಗ್ವಾಡಿ ಕಡೆ ಮಾರಿ ಮಾಡಿ ಕುಂತೀವಿ. ಕಾಯಿ ಹೆರಿಯೂ ಅಷ್ಟು ಹೊತ್ತು ಬಿಟ್ಟಿದ್ರ ಬಿಟ್ಟಿರ್ಬೇಕು."

ಹೆಂಡತಿ ಕಾರ್ ಸೀಟನ್ನು ಸೋಫಾದ ಮೇಲಿಟ್ಟು, ಮಗುವಿನ ಟೊಪ್ಪಿಗೆ ತೆಗೆಯುತ್ತಾ ಏನೋ ಲೆಕ್ಕ ಹಾಕುತ್ತಿದ್ದಳು.

"ಹಾಗಾದ್ರೆ ನಾನು ಕರೆದದ್ದು ಕೇಳಿಸ್ತಾ?"

"ಕೇಳಿಸ್ತು."

"ನಕ್ಕಿದ್ದು?"

"ಅದೂ ಕೇಳಿಸ್ತು."

"ಕಾಲ್‌ನಲ್ಲಿದೀರಿ, ಅದಕ್ಕೆ ಬರ್ಲಿಲ್ಲ ಅಂದ್ಕೊಂಡೆ."

"ಬಂದೆ," ಎಂದೆ. "ಕೇಳಿದ ತಕ್ಷಣ ಬಂದೆ. ನೀವು ಇರ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. ಟೊಪ್ಪಿಗೆಯನ್ನು ಮತ್ತೆ ಮಗುವಿಗೆ ತೊಡಿಸಿದಳು, ತೆಗೆದಳು, ಮತ್ತೆ ತೊಡಿಸಿದಳು, ಅತ್ತೆಯವರ ಹಾಗೆಯೇ, "ಬ್ಯಾಡೇನು? ಟೊಪ್ಪಿಗಿ ಬ್ಯಾಡೇನು?" ಎಂದಳು. ಮಗಳು ಇಬ್ಬರ ಮುಖವನ್ನೂ ನೋಡಿ ಆಕಳಿಸಿದಳು.

ಬೆಂಕಿ ಹತ್ತಲಿಲ್ಲ, ಕರೆಂಟು ಹೋಗಲಿಲ್ಲ, ಮೆಟ್ಟಿಲಿನಿಂದ ಯಾರೂ ಉರುಳಲಿಲ್ಲ, ಪೊಲೀಸರು ಬರಲಿಲ್ಲ. ಉಸಿರು ಒಮ್ಮೆಯೂ ನಿಲ್ಲಲಿಲ್ಲ. ಮಗಳು ಮೊದಲ ಸಲ ನಕ್ಕಾಗ ನನ್ನನ್ನು ಕರೆದರು, ನಾನು ಹನ್ನೆರಡು ನಿಮಿಷ ತಡವಾಗಿ ಹೋದೆ. ಆದದ್ದು ಇಷ್ಟೇ.